ನೊಬೆಲ್ ಬಂದದ್ದು ಬಿಸಿಲಿಗಲ್ಲ: ಬೆಳಕಿನ ವೈದ್ಯ ನೀಲ್ಸ್ ಫಿನ್ಸೆನ್ ಬದುಕು

ಚರ್ಮದ ಕಾಯಿಲೆಗೆ ಬಿಸಿಲೇ ಮದ್ದು, ಇದನ್ನು ಕಂಡುಹಿಡಿದ ವೈದ್ಯರಿಗೆ 1903ರಲ್ಲೇ ನೊಬೆಲ್ ಪ್ರಶಸ್ತಿ ಬಂದಿದೆ, ಔಷಧ ಕಂಪನಿಗಳು ಈ ವಿಷಯ ಮುಚ್ಚಿಟ್ಟಿವೆ, ಎಲ್ಲರಿಗೂ ತಿಳಿಸಿ. ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಸೋರಿಯಾಸಿಸ್, ಇಸುಬು, ತೊನ್ನು ಇರುವವರ ಮನೆಗೆ ಇಂಥದ್ದು ಬೇಗ ತಲುಪುತ್ತದೆ. ವರ್ಷಗಟ್ಟಲೆ ಮುಲಾಮು ಹಚ್ಚಿ ಬೇಸತ್ತವರಿಗೆ ಖರ್ಚಿಲ್ಲದ ಬಿಸಿಲೇ ಸಾಕು ಎಂದರೆ ನಂಬಬೇಕು ಅನಿಸುವುದು ಸಹಜ.

ಈ ಸಂದೇಶದಲ್ಲಿ ಒಂದು ಮಾತು ನಿಜ. 1903ರ ವೈದ್ಯಕೀಯ ನೊಬೆಲ್ ಬೆಳಕಿನ ಚಿಕಿತ್ಸೆಗೇ ಬಂತು. ಪಡೆದವರು ಡೆನ್ಮಾರ್ಕಿನ ನೀಲ್ಸ್ ರೈಬರ್ಗ್ ಫಿನ್ಸೆನ್. ಆದರೆ ಅವರು ಮಾಡಿದ್ದು ರೋಗಿಗಳನ್ನು ಬಿಸಿಲಿಗೆ ಕೂರಿಸುವ ಕೆಲಸವಲ್ಲ. ಅವರು ಏನು ಮಾಡಿದರು, ಏಕೆ ಮಾಡಿದರು, ಆ ಬೆಳಕು ಅವರ ಕಾಯಿಲೆಗೇ ಏಕೆ ನೆರವಾಗಲಿಲ್ಲ ಎಂಬುದು ಗೊತ್ತಾದರೆ ಫಾರ್ವರ್ಡಿನಲ್ಲಿ ಎಷ್ಟು ಸತ್ಯ, ಎಷ್ಟು ಅಪಾಯ ಎಂಬುದೂ ತಿಳಿಯುತ್ತದೆ. ಹಾಗಾಗಿ ಈ ಬಾರಿ ನಾವು ಅವರ ಬದುಕಿನ ಕಥೆಯನ್ನೇ ಹೇಳುತ್ತೇವೆ.

ಬಿಸಿಲೇ ಅಪರೂಪವಾದ ಊರು

ಫಿನ್ಸೆನ್ ಹುಟ್ಟಿದ್ದು 1860ರ ಡಿಸೆಂಬರ್ 15ರಂದು, ಫೆರೋ ದ್ವೀಪಗಳ ಟೋರ್ಸ್‌ಹಾವ್ನ್ ಎಂಬ ಪುಟ್ಟ ಊರಿನಲ್ಲಿ. ಉತ್ತರ ಅಟ್ಲಾಂಟಿಕ್ ಸಾಗರದ ಮಧ್ಯೆ ಇರುವ ಈ ದ್ವೀಪಗಳು ಡೆನ್ಮಾರ್ಕಿನ ಆಡಳಿತಕ್ಕೆ ಸೇರಿದ್ದವು. ತಂದೆ ಅಲ್ಲಿ ಸರ್ಕಾರಿ ಅಧಿಕಾರಿ, ಮನೆತನ ಮೂಲತಃ ಐಸ್‌ಲ್ಯಾಂಡಿನದು. ಫಿನ್ಸೆನ್ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು.

ಆ ಊರಿನ ಚಳಿಗಾಲ ನಮ್ಮ ಊಹೆಗೆ ಸುಲಭಕ್ಕೆ ಸಿಗುವುದಿಲ್ಲ. ಡಿಸೆಂಬರಿನಲ್ಲಿ ಹಗಲು ಐದು ಗಂಟೆಯಷ್ಟೇ. ಆ ಹೊತ್ತಿನಲ್ಲೂ ಸೂರ್ಯ ದಿಗಂತದಿಂದ ಸ್ವಲ್ಪವೇ ಮೇಲೇರಿ ಇಳಿದುಬಿಡುತ್ತಾನೆ. ಮೇಲೆ ಮೋಡ, ಮಂಜು, ಗಾಳಿ. ಮುಂದೆ ಅವರು ಓದಿದ ಐಸ್‌ಲ್ಯಾಂಡಿನ ರೇಕ್ಯಾವಿಕ್ ಇನ್ನೂ ಉತ್ತರಕ್ಕಿದೆ. ಬಿಸಿಲು ಜಾಸ್ತಿಯಾಯಿತೆಂದು ನೆರಳು ಹುಡುಕುವ ನಮಗೂ, ವರ್ಷದ ಅರ್ಧ ಭಾಗ ಬಿಸಿಲಿಗಾಗಿ ಕಾಯುವ ಅವರಿಗೂ ಇರುವ ಈ ವ್ಯತ್ಯಾಸ ನೆನಪಿರಲಿ. ಮುಂದೆ ಅದು ಬೇಕಾಗುತ್ತದೆ.

1882ರಲ್ಲಿ ಫಿನ್ಸೆನ್ ವೈದ್ಯಕೀಯ ಓದಲು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ಗೆ ಬಂದರು. ಮರುವರ್ಷವೇ ಕಾಯಿಲೆ ಶುರುವಾಯಿತು. ಮೊದಲು ಸುಸ್ತು, ರಕ್ತಹೀನತೆ. ನಿಧಾನವಾಗಿ ಯಕೃತ್ತು ಮತ್ತು ಹೃದಯದ ತೊಂದರೆಗಳು ಕಾಣಿಸಿಕೊಂಡವು. ಆಗ ಅವರಿಗೆ 22 ವರ್ಷ. ಈ ಕಾಯಿಲೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಅದು ನೀಮನ್-ಪಿಕ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇದ್ದಿರಬಹುದು ಎಂಬ ಅನುಮಾನ ನಂತರದ ಕಾಲದ ವೈದ್ಯರದು.

ಅವರಿದ್ದ ಕೋಣೆಗೆ ಉತ್ತರದ ಕಡೆಗಷ್ಟೇ ಕಿಟಕಿ, ಬಿಸಿಲು ಒಳಗೆ ಬರುತ್ತಿರಲಿಲ್ಲ. ಸ್ವಲ್ಪ ಬಿಸಿಲು ಸಿಕ್ಕಿದರೆ ಮೈ ಹಗುರಾದೀತು ಎಂದು ಅವರಿಗೆ ಅನಿಸತೊಡಗಿತು. ಒಂದು ದಿನ ಕಿಟಕಿಯಿಂದ ನೋಡಿದಾಗ ಎದುರಿನ ಮಾಡಿನ ಮೇಲೆ ಬೆಕ್ಕೊಂದು ಬಿಸಿಲು ಕಾಯಿಸುತ್ತಿತ್ತು. ನೆರಳು ಹತ್ತಿರ ಬಂದಂತೆಲ್ಲ ಅದು ಎದ್ದು ಬಿಸಿಲಿಗೆ ಸರಿಯುತ್ತಿತ್ತು. ಇಂಥ ದೃಶ್ಯ ನಾವೆಲ್ಲರೂ ನೋಡಿದ್ದೇವೆ, ನೋಡಿ ಸುಮ್ಮನಾಗಿದ್ದೇವೆ. ಫಿನ್ಸೆನ್ ಸುಮ್ಮನಾಗಲಿಲ್ಲ. ಬೆಕ್ಕಿಗೆ ಬೇಕಾಗಿರುವುದು ಬಿಸಿಯೋ ಬೆಳಕೋ? ಬೆಳಕಾದರೆ, ಅದರ ಯಾವ ಭಾಗ?

ತೋಳಿನ ಮೇಲೊಂದು ಶಾಯಿಯ ಪಟ್ಟಿ

ಉತ್ತರ ಹುಡುಕಲು ಅವರು ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಮುಂಗೈ ಮೇಲೆ ಕಪ್ಪು ಶಾಯಿಯ ಪಟ್ಟಿ ಬಳಿದು, ಸುಡುಬಿಸಿಲಿಗೆ ಒಡ್ಡಿ ಕುಳಿತರು. ಶಾಯಿ ತೊಳೆದಾಗ ಪಟ್ಟಿಯ ಅಡಿಯ ಚರ್ಮ ಬೆಳ್ಳಗೇ ಇತ್ತು, ಅಕ್ಕಪಕ್ಕದ ಚರ್ಮ ಕೆಂಪೇರಿತ್ತು. ದಿನ ಕಳೆದಂತೆ ಆ ಕೆಂಪು ಕಂದು ಬಣ್ಣಕ್ಕೆ ತಿರುಗಿತು. ಈ ಸಲ ಶಾಯಿ ಇಲ್ಲದೆ ಮತ್ತೆ ಬಿಸಿಲಿಗೆ ಒಡ್ಡಿದರು. ಈಗ ಸುಟ್ಟದ್ದು ಬೆಳ್ಳಗೆ ಉಳಿದಿದ್ದ ಪಟ್ಟಿ, ಕಂದಾದ ಚರ್ಮಕ್ಕೆ ಏನೂ ಆಗಲಿಲ್ಲ.

ಚರ್ಮ ತನ್ನ ಬಣ್ಣದಿಂದಲೇ ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂಬುದಕ್ಕೆ ಇದು ಸರಳವಾದ ಸಾಕ್ಷಿ. ಇದರ ಅರ್ಥ ಇಷ್ಟೇ: ಒಂದೇ ಬಿಸಿಲು ಎಲ್ಲರ ಚರ್ಮದ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಬಿಳಿ ಚರ್ಮದ ಯುರೋಪಿನವರಿಗೆ ಹೊಂದುವ ಅಳತೆಯನ್ನು ಹಾಗೇ ಎತ್ತಿ ನಮ್ಮ ಚರ್ಮಕ್ಕೆ ಹಚ್ಚುವಂತಿಲ್ಲ.

ಬೆಳಕು ಎಂದರೆ ಒಂದೇ ವಸ್ತುವಲ್ಲ ಎಂಬುದು ಅವರ ಎರಡನೆಯ ಪಾಠ. ಕಾಮನಬಿಲ್ಲಿನ ಕೆಂಪು ತುದಿಯಾಚೆ ಶಾಖದ ಕಿರಣಗಳಿವೆ, ನೇರಳೆ ತುದಿಯಾಚೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಎರೆಹುಳುಗಳನ್ನು ಪೆಟ್ಟಿಗೆಯಲ್ಲಿಟ್ಟು ಮೇಲೆ ಬಣ್ಣಬಣ್ಣದ ಗಾಜು ಹಾಕಿದಾಗ ಅವು ನೀಲಿಯಿಂದ ದೂರ ಸರಿದು ಕೆಂಪಿನ ಕೆಳಗೆ ಸೇರುತ್ತಿದ್ದವು. ಜೀವಿಗಳನ್ನು ಕೆಣಕುವ ಶಕ್ತಿ ಇರುವುದು ನೀಲಿ, ನೇರಳೆ, ಅತಿನೇರಳೆ ಕಡೆಯ ಕಿರಣಗಳಲ್ಲಿ ಎಂದು ಅವರು ತೀರ್ಮಾನಿಸಿದರು.

ವೈದ್ಯಕೀಯ ಪದವಿ ಮುಗಿಸಿ ಅವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. 1892ರ ಕೊನೆಯಲ್ಲಿ ಇಂಗೆಬೋರ್ಗ್ ಅವರೊಂದಿಗೆ ಮದುವೆಯಾಯಿತು. 1893ರಲ್ಲಿ ಆ ಕೆಲಸವನ್ನೂ ಬಿಟ್ಟು ಬೆಳಕಿನ ಬೆನ್ನು ಹತ್ತಿದರು. ಮೈಯಲ್ಲಿ ಕಾಯಿಲೆ ಇಟ್ಟುಕೊಂಡು, ಆಗಷ್ಟೇ ಸಂಸಾರ ಹೂಡಿದವರು ಸಂಬಳದ ಕೆಲಸ ಬಿಡುವುದು ಸಣ್ಣ ಮಾತಲ್ಲ.

ಮೊದಲ ಹೆಜ್ಜೆ ತಪ್ಪಿತು

ಅದೇ 1893ರಲ್ಲಿ ಫಿನ್ಸೆನ್ ಸಿಡುಬಿನ ಬಗ್ಗೆ ಒಂದು ಸಲಹೆ ಮುಂದಿಟ್ಟರು. ಸಿಡುಬಿನ ರೋಗಿಗಳನ್ನು ಕೆಂಪು ಪರದೆ ಅಥವಾ ಕೆಂಪು ಗಾಜಿನ ಕೋಣೆಯಲ್ಲಿಟ್ಟು ನೀಲಿ, ಅತಿನೇರಳೆ ಕಿರಣಗಳನ್ನು ತಡೆದರೆ ಗುಳ್ಳೆಗಳು ಕೀವಾಗುವುದಿಲ್ಲ, ಮುಖದ ಮೇಲೆ ಕಲೆಗಳೂ ಕಡಿಮೆಯಾಗುತ್ತವೆ ಎಂಬುದು ಅವರ ನಂಬಿಕೆ. ಕೆಲವು ಕಡೆ ಪ್ರಯತ್ನ ನಡೆಯಿತು, ಆರಂಭದಲ್ಲಿ ಒಳ್ಳೆಯ ವರದಿಗಳೂ ಬಂದವು. ಆದರೆ ನಂತರದ ಅನುಭವದಲ್ಲಿ ಅದು ನಿಲ್ಲಲಿಲ್ಲ. ಸಿಡುಬು ಜಗತ್ತಿನಿಂದ ಹೋಗಿದ್ದು ಲಸಿಕೆಯಿಂದ, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಘೋಷಿಸಿತು.

ಫಾರ್ವರ್ಡುಗಳಲ್ಲಿ ಈ ಭಾಗ ಇರುವುದಿಲ್ಲ. ನೊಬೆಲ್ ಪಡೆದವರು ಹೇಳಿದ್ದೆಲ್ಲ ಸರಿ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಪ್ರಶಸ್ತಿ ಸಿಗುವುದು ಪರೀಕ್ಷೆಯಲ್ಲಿ ಉಳಿದುಕೊಂಡ ಕೆಲಸಕ್ಕೆ, ವ್ಯಕ್ತಿಯ ಎಲ್ಲ ನಂಬಿಕೆಗಳಿಗೂ ಅಲ್ಲ.

ಮುಖ ತಿನ್ನುವ ತೋಳ

ಉಳಿದುಕೊಂಡ ಕೆಲಸ ಲೂಪಸ್ ವಲ್ಗಾರಿಸ್ ಎಂಬ ರೋಗದ್ದು. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ತೋಳ ಕಚ್ಚಿ ತಿಂದಂತೆ ಮೂಗು, ಕೆನ್ನೆ, ತುಟಿಗಳನ್ನು ನಿಧಾನವಾಗಿ ತಿಂದುಹಾಕುವ ರೋಗ ಎಂದು ಆ ಹೆಸರು. ಇದು ಚರ್ಮಕ್ಕೆ ಬರುವ ಕ್ಷಯ. ಶ್ವಾಸಕೋಶದ ಟಿ.ಬಿ.ಗೆ ಕಾರಣವಾದ ರೋಗಾಣುವೇ ಇದಕ್ಕೂ ಕಾರಣ.

ಆಗ ಯುರೋಪಿನಲ್ಲಿ ಇದು ಅಪರೂಪವಾಗಿರಲಿಲ್ಲ. ಕೊಲ್ಲುವುದಕ್ಕಿಂತ ಹೆಚ್ಚಾಗಿ ಇದು ಮನುಷ್ಯರನ್ನು ಮನುಷ್ಯರಿಂದ ದೂರ ಮಾಡುತ್ತಿತ್ತು. ಮುಖ ವಿಕಾರವಾದವರಿಗೆ ಕೆಲಸ ಸಿಗುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಎಷ್ಟೋ ಜನ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಚಿಕಿತ್ಸೆ ಎಂದರೆ ಕೆರೆದು ತೆಗೆಯುವುದು, ಕಾಸಿದ ಕಬ್ಬಿಣದಿಂದಲೋ ರಾಸಾಯನಿಕದಿಂದಲೋ ಸುಡುವುದು. ನೋವು, ಕಲೆ, ಮತ್ತೆ ರೋಗ.

1895ರ ನವೆಂಬರಿನಲ್ಲಿ ಒಬ್ಬ ಎಂಜಿನಿಯರ್ ಫಿನ್ಸೆನ್ ಬಳಿ ಬಂದರು. ಎಂಟು ವರ್ಷಗಳಿಂದ ಅವರ ಮುಖದ ಮೇಲೆ ಲೂಪಸ್ ಇತ್ತು, ಯಾವ ಚಿಕಿತ್ಸೆಯೂ ಫಲಿಸಿರಲಿಲ್ಲ. ಚಳಿಗಾಲದ ಕೋಪನ್‌ಹೇಗನ್‌ನಲ್ಲಿ ಬಿಸಿಲು ಎಲ್ಲಿಂದ ತರುವುದು? ನಗರದ ವಿದ್ಯುತ್ ದೀಪ ಕಂಪನಿಯ ಆವರಣದಲ್ಲಿ ಕಾರ್ಬನ್ ಆರ್ಕ್ ದೀಪ ಸಿಕ್ಕಿತು. ಎರಡು ಇದ್ದಿಲ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ ಹರಿದು, ಕಣ್ಣು ಕೋರೈಸುವ ಬೆಳಕು ಬರುವ ದೀಪವದು. ಅದರ ಬೆಳಕನ್ನೇ ರೋಗದ ಜಾಗದ ಮೇಲೆ ದಿನದಿನವೂ ಬಿಟ್ಟರು. ಕೆಲವು ತಿಂಗಳಲ್ಲಿ ಗಾಯ ಮಾಯತೊಡಗಿತು.

ಬೆಳಕನ್ನು ಸೋಸಿದ್ದು ಹೇಗೆ?

ಬೆಳಕನ್ನು ರೋಗದ ಮೇಲೆ ಬಿಟ್ಟರೆ ಸಾಲದು ಎಂಬುದು ಅವರಿಗೆ ಬೇಗ ಅರಿವಾಯಿತು. ಎದುರಿಗೆ ಮೂರು ಸಮಸ್ಯೆಗಳಿದ್ದವು.

ಮೊದಲನೆಯದು, ಶಾಖ. ದೀಪವನ್ನು ಹತ್ತಿರ ತಂದರೆ ಚರ್ಮ ಸುಡುತ್ತದೆ. ಆದ್ದರಿಂದ ಬೆಳಕನ್ನು ನೀರಿನ ಮೂಲಕ ಹಾಯಿಸಿ ಶಾಖವನ್ನು ಹೀರಿಸಿದರು. ಎರಡನೆಯದು, ಬೆಳಕಿನ ತೀವ್ರತೆ. ಅದನ್ನು ಹೆಚ್ಚಿಸಲು ದುರ್ಬೀನಿನಂಥ ಕೊಳವೆಗಳಲ್ಲಿ ಮಸೂರಗಳನ್ನು ಜೋಡಿಸಿ ಒಂದು ನಾಣ್ಯದಷ್ಟು ಜಾಗಕ್ಕೆ ಕೂಡಿಸಿದರು. ಮಾಮೂಲಿ ಗಾಜು ಅತಿನೇರಳೆ ಕಿರಣಗಳನ್ನು ತಡೆಯುತ್ತದೆ ಎಂದು ಕ್ವಾರ್ಟ್ಜ್ ಸ್ಫಟಿಕದ ಮಸೂರಗಳನ್ನು ಬಳಸಿದರು.

ಮೂರನೆಯದು, ರಕ್ತ. ಇದನ್ನು ಪತ್ತೆ ಮಾಡಿದ ರೀತಿ ಚೆಂದ. ಕಿವಿಯ ಹಿಂದೆ ಛಾಯಾಚಿತ್ರದ ಕಾಗದ ಇಟ್ಟು ಮುಂದಿನಿಂದ ಬೆಳಕು ಬಿಟ್ಟರೆ ಕಾಗದ ಕಪ್ಪಾಗಲಿಲ್ಲ. ಕಿವಿಯನ್ನು ಎರಡು ಗಾಜಿನ ನಡುವೆ ಒತ್ತಿ, ರಕ್ತ ಪಕ್ಕಕ್ಕೆ ಸರಿಯುವಂತೆ ಮಾಡಿ ಬೆಳಕು ಬಿಟ್ಟಾಗ ಕೆಲವೇ ಕ್ಷಣಗಳಲ್ಲಿ ಕಾಗದ ಕಪ್ಪಾಯಿತು. ಅಂದರೆ ಚರ್ಮದಲ್ಲಿ ಹರಿಯುವ ರಕ್ತವೇ ಬೆಳಕನ್ನು ಒಳಗೆ ಬಿಡದೆ ತಡೆಯುತ್ತಿತ್ತು. ಅಂದಿನಿಂದ ಚಿಕಿತ್ಸೆಯ ಹೊತ್ತಿಗೆ ತಣ್ಣೀರು ಹರಿಯುವ ಸ್ಫಟಿಕದ ಬಿಲ್ಲೆಯನ್ನು ರೋಗದ ಜಾಗಕ್ಕೆ ಒತ್ತಿ ಹಿಡಿಯುವುದು ರೂಢಿಯಾಯಿತು.

1896ರಲ್ಲಿ ದಾನಿಗಳ ನೆರವಿನಿಂದ ಕೋಪನ್‌ಹೇಗನ್‌ನಲ್ಲಿ ಫಿನ್ಸೆನ್ ಅವರ ಬೆಳಕು ಚಿಕಿತ್ಸಾ ಸಂಸ್ಥೆ ಶುರುವಾಯಿತು. ಒಂದು ದೊಡ್ಡ ದೀಪ, ಅದರಿಂದ ನಾಲ್ಕು ದಿಕ್ಕಿಗೆ ಇಳಿದ ನಾಲ್ಕು ಕೊಳವೆಗಳು, ಪ್ರತಿ ಕೊಳವೆಯ ಕೆಳಗೆ ಮಲಗಿದ ಒಬ್ಬ ರೋಗಿ, ಪಕ್ಕದಲ್ಲಿ ಬಿಲ್ಲೆ ಒತ್ತಿ ಹಿಡಿದ ಒಬ್ಬ ದಾದಿ. ಒಂದು ಸಲಕ್ಕೆ ಒಂದು ನಾಣ್ಯದಷ್ಟು ಜಾಗ, ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು. ಮುಖವೆಲ್ಲ ಮುಗಿಯಲು ತಿಂಗಳುಗಳು, ಕೆಲವರಿಗೆ ವರ್ಷಗಳು. ದಾದಿಯರ ಕೈ ಸೋಲುತ್ತಿತ್ತೇ ಹೊರತು ಕೆಲಸ ನಿಲ್ಲುತ್ತಿರಲಿಲ್ಲ.

ಮೊದಲ ಐದು ವರ್ಷಗಳಲ್ಲಿ ಸುಮಾರು 800 ಲೂಪಸ್ ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಹೆಚ್ಚಿನವರು ಗುಣವಾದರು ಅಥವಾ ಬಹಳ ಮಟ್ಟಿಗೆ ಸುಧಾರಿಸಿದರು. ರೋಗ ಹರಡುವ ಮೊದಲೇ ಬಂದವರಿಗೆ ಫಲ ಹೆಚ್ಚು. ಮುಖ ಮುಚ್ಚಿಕೊಂಡು ಬದುಕುತ್ತಿದ್ದವರು ಮತ್ತೆ ಬೀದಿಗೆ ಬಂದರು. 1900ರಲ್ಲಿ ಡೆನ್ಮಾರ್ಕ್ ಮೂಲದ ಅಲೆಕ್ಸಾಂಡ್ರಾ, ಮುಂದೆ ಬ್ರಿಟನ್ನಿನ ರಾಣಿಯಾದವರು, ಲಂಡನ್ ಆಸ್ಪತ್ರೆಗೆ ಫಿನ್ಸೆನ್ ದೀಪವನ್ನು ಕೊಡಿಸಿದರು. ಬೇರೆ ದೇಶಗಳಲ್ಲೂ ಬೆಳಕು ಚಿಕಿತ್ಸೆಯ ಕೇಂದ್ರಗಳು ತೆರೆದವು.

ಎಲ್ಲರಿಗೂ ಸಿಕ್ಕ ಬೆಳಕು, ಅವರಿಗೆ ಸಿಗಲಿಲ್ಲ

1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೊಬೆಲ್ ಪಡೆದ ಮೊದಲ ಡೆನ್ಮಾರ್ಕಿನವರು ಫಿನ್ಸೆನ್. ಪ್ರಶಸ್ತಿಯ ಕಾರಣದಲ್ಲಿ ಎರಡು ವಿಷಯ ಸ್ಪಷ್ಟವಾಗಿದ್ದವು: ಮುಖ್ಯವಾಗಿ ಲೂಪಸ್ ವಲ್ಗಾರಿಸ್ ರೋಗ, ಮತ್ತು ಕೇಂದ್ರೀಕರಿಸಿದ ಬೆಳಕು. ಬಿಸಿಲು ಎಂಬ ಮಾತು ಅಲ್ಲಿಲ್ಲ, ಎಲ್ಲ ಚರ್ಮರೋಗ ಎಂಬ ಮಾತೂ ಇಲ್ಲ.

ಆ ಹೊತ್ತಿಗೆ ಅವರು ಗಾಲಿಕುರ್ಚಿಗೆ ಸೇರಿಯಾಗಿತ್ತು. ಸ್ಟಾಕ್‌ಹೋಮ್‌ಗೆ ಹೋಗಿ ಪ್ರಶಸ್ತಿ ಪಡೆಯುವ ಶಕ್ತಿ ಇರಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಮತ್ತೆ ಮತ್ತೆ ಅದನ್ನು ಹೊರತೆಗೆಯಬೇಕಾಗುತ್ತಿತ್ತು. ಬಹುಮಾನದ ಹಣದಲ್ಲಿ ದೊಡ್ಡ ಪಾಲನ್ನು ಅವರು ರೋಗಿಗಳ ಆರೈಕೆಗೆ ಕೊಟ್ಟರು.

ಬಿಸಿಲು ಬೇಕೆಂಬ ತಮ್ಮದೇ ಹಂಬಲದಿಂದ ಬೆಳಕಿನ ಅಧ್ಯಯನಕ್ಕೆ ಇಳಿದವರು ಅವರು. ಜಗತ್ತಿನಲ್ಲೇ ಒಳ್ಳೆಯ ಬೆಳಕು ಚಿಕಿತ್ಸೆಯ ಯಂತ್ರಗಳು ಅವರ ಸಂಸ್ಥೆಯಲ್ಲೇ ಇದ್ದವು. ಆದರೂ ಅವರ ಯಕೃತ್ತಿಗೆ, ಹೃದಯಕ್ಕೆ ಆ ಬೆಳಕು ಏನೂ ಮಾಡಲಿಲ್ಲ. ಇದನ್ನು ಅವರು ಒಪ್ಪಿಕೊಂಡರು. ಹಠ ಹಿಡಿದು ಬೆಳಕನ್ನೇ ಹೊಗಳುತ್ತಾ ಕೂರದೆ, ತಮ್ಮ ಕಾಯಿಲೆಗೆ ಬೇರೆ ದಾರಿ ಹುಡುಕಿದರು. ತಿಂದದ್ದು, ಕುಡಿದದ್ದು, ಮೈತೂಕ ಎಲ್ಲವನ್ನೂ ಅಳೆದು ಬರೆದಿಟ್ಟರು. ಉಪ್ಪು ಹೆಚ್ಚಾದರೆ ದೇಹದಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಗಮನಿಸಿ ಉಪ್ಪು ಕಡಿಮೆ ಮಾಡಿದರು, ಅದರ ಬಗ್ಗೆ ಬರೆದರು. ಹೃದಯ, ಯಕೃತ್ತಿನ ತೊಂದರೆಯಿಂದ ನೀರು ತುಂಬಿಕೊಳ್ಳುವವರಿಗೆ ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಇಂದಿಗೂ ಹೇಳುತ್ತಾರೆ.

1904ರ ಸೆಪ್ಟೆಂಬರ್ 24ರಂದು ಫಿನ್ಸೆನ್ ತೀರಿಕೊಂಡರು. ಅವರಿಗೆ ಆಗ 43 ವರ್ಷ.

ನಂತರ ತಿಳಿದದ್ದು

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಜಿಡ್ ಬಂದ ಮೇಲೆ ಚರ್ಮದ ಕ್ಷಯಕ್ಕೆ ಮಾತ್ರೆ, ಚುಚ್ಚುಮದ್ದುಗಳೇ ಚಿಕಿತ್ಸೆಯಾದವು. ಫಿನ್ಸೆನ್ ದೀಪಗಳು ವಸ್ತುಸಂಗ್ರಹಾಲಯ ಸೇರಿದವು. ಯಾರೂ ಅವನ್ನು ಮುಚ್ಚಿಡಲಿಲ್ಲ. ಅವುಗಳಿಗಿಂತ ಒಳ್ಳೆಯದು, ಸುಲಭದ್ದು ಸಿಕ್ಕಿತು, ಅಷ್ಟೇ. ಇಂದು ಯಾರಿಗಾದರೂ ಚರ್ಮದ ಕ್ಷಯ ಬಂದರೆ ಬೇಕಾಗಿರುವುದು ಟಿ.ಬಿ. ಔಷಧ, ಬಿಸಿಲಲ್ಲ.

2005ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಫಿನ್ಸೆನ್ ಅವರ ಹಳೆಯ ಉಪಕರಣಗಳನ್ನೇ ಮತ್ತೆ ಪರೀಕ್ಷಿಸಿದರು. ಅವುಗಳ ಮಸೂರ, ಶೋಧಕಗಳು 340 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಕಿರಣಗಳನ್ನು ಹೀರಿಬಿಡುತ್ತಿದ್ದವು ಎಂದು ಗೊತ್ತಾಯಿತು. ಅಂದರೆ ರೋಗಾಣುಗಳನ್ನು ನೇರವಾಗಿ ಕೊಲ್ಲುವ ಕಿರಣಗಳು ರೋಗಿಯ ಚರ್ಮವನ್ನು ತಲುಪುತ್ತಲೇ ಇರಲಿಲ್ಲ. ಕ್ಷಯದ ರೋಗಾಣುವಿನೊಳಗೆ ಪಾರ್ಫಿರಿನ್ ಎಂಬ ವಸ್ತುಗಳಿವೆ. ನೇರಳೆ-ನೀಲಿ ಬೆಳಕು ಬಿದ್ದಾಗ ಅವು ಚುರುಕಾದ ಆಮ್ಲಜನಕವನ್ನು ಹುಟ್ಟಿಸಿ ರೋಗಾಣುವನ್ನು ಒಳಗಿನಿಂದಲೇ ನಾಶ ಮಾಡಿರಬೇಕು ಎಂಬುದು ಅವರ ವಿವರಣೆ. ಫಲ ನಿಜ, ಅದಕ್ಕೆ ಫಿನ್ಸೆನ್ ಕೊಟ್ಟ ಕಾರಣ ಬೇರೆ. ವಿಜ್ಞಾನದಲ್ಲಿ ಹೀಗೂ ಆಗುತ್ತದೆ.

ಹಾಗಾದರೆ ಹವೆ ಬದಲಾಯಿಸಿದರೆ ಚರ್ಮ ಸುಧಾರಿಸುವುದಿಲ್ಲವೇ?

ಕೆಲವರಿಗೆ ಸುಧಾರಿಸುತ್ತದೆ. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಚುರುಕಾಗಿ, ತಿಂಗಳಲ್ಲಿ ಬೆಳೆಯಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಹೊಪ್ಪಳಿಕೆಯಾಗಿ ಉದುರುತ್ತದೆ. ಅತಿನೇರಳೆ ಬಿ ಕಿರಣಗಳು ಆ ಅತಿ ಚುರುಕನ್ನು ತಗ್ಗಿಸುತ್ತವೆ. ಅದಕ್ಕೇ ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರದ ದಡಕ್ಕೆ ಯುರೋಪಿನ ರೋಗಿಗಳು ಹೋಗುತ್ತಾರೆ. ಆ ಜಾಗ ಸಮುದ್ರಮಟ್ಟಕ್ಕಿಂತ 430 ಮೀಟರಿನಷ್ಟು ಕೆಳಗಿದೆ. ಸೂರ್ಯನ ಕಿರಣ ಹೆಚ್ಚು ದಪ್ಪದ ಗಾಳಿಯನ್ನು ಹಾದು ಬರುವುದರಿಂದ ಚರ್ಮ ಸುಡುವ ಕಿರಣಗಳು ಕಡಿಮೆಯಾಗುತ್ತವೆ, ಹೆಚ್ಚು ಹೊತ್ತು ಬಿಸಿಲಿನಲ್ಲಿರಲು ಆಗುತ್ತದೆ. ನಾರ್ವೆ ದೇಶ ಹಲವು ದಶಕಗಳಿಂದ ತನ್ನ ಸೋರಿಯಾಸಿಸ್ ರೋಗಿಗಳನ್ನು ಕ್ಯಾನರಿ ದ್ವೀಪಗಳಿಗೆ ಸರ್ಕಾರದ ನೆರವಿನಿಂದಲೇ ಕಳುಹಿಸುತ್ತಿದೆ.

ಆದರೆ ಅಲ್ಲೂ ಮೂರ್ನಾಲ್ಕು ವಾರ ವೈದ್ಯರ ಉಸ್ತುವಾರಿ ಇರುತ್ತದೆ, ನಿಮಿಷದ ಲೆಕ್ಕದಲ್ಲಿ ಬಿಸಿಲು ಹೆಚ್ಚಿಸುತ್ತಾ ಹೋಗುತ್ತಾರೆ. ಊರಿಗೆ ಮರಳಿದ ಕೆಲವು ತಿಂಗಳಲ್ಲಿ ಹಲವರಿಗೆ ರೋಗ ಮರುಕಳಿಸುತ್ತದೆ. ಇದು ಉಪಶಮನ, ಶಾಶ್ವತ ಪರಿಹಾರವಲ್ಲ. ಇನ್ನೊಂದು ಮಾತು: ಅವರು ಹೋಗುವುದು ಬಿಸಿಲಿಲ್ಲದ ಊರಿನಿಂದ ಬಿಸಿಲಿರುವ ಊರಿಗೆ. ನಾವು ಬಿಸಿಲಿನಲ್ಲೇ ಇದ್ದೇವೆ. ಬಿಸಿಲೊಂದರಿಂದಲೇ ಸೋರಿಯಾಸಿಸ್ ಹೋಗುವುದಾದರೆ ರಾಯಚೂರು, ಕಲಬುರಗಿಗಳಲ್ಲಿ ಅದು ಇರಲೇಬಾರದಿತ್ತು.

ಫಿನ್ಸೆನ್ ತೋರಿಸಿದ ದಾರಿಯ ಇಂದಿನ ರೂಪ ನಮ್ಮ ಆಸ್ಪತ್ರೆಗಳಲ್ಲೇ ಇದೆ. ಚರ್ಮರೋಗ ವಿಭಾಗಗಳಲ್ಲಿ 311 ನ್ಯಾನೋಮೀಟರಿನ ಸುತ್ತಮುತ್ತಲ ಕಿರಣಗಳನ್ನಷ್ಟೇ ಕೊಡುವ ದೀಪಗಳಿರುತ್ತವೆ. ಸೋರಿಯಾಸಿಸ್, ತೊನ್ನು, ಕೆಲವು ಬಗೆಯ ಇಸುಬಿಗೆ ವಾರಕ್ಕೆ ಎರಡು ಮೂರು ಸಲ, ಚರ್ಮದ ಬಣ್ಣ ನೋಡಿ ಅಳತೆ ಹಾಕಿ, ಕಣ್ಣಿಗೆ ರಕ್ಷಣೆ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. ಕಾಮಾಲೆಯಾದ ಹಸುಗೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸುವುದನ್ನು ನೀವು ನೋಡಿರಬಹುದು. ಅದೂ ಇದೇ ವಿಚಾರದ ಇನ್ನೊಂದು ಕವಲು: ಒಂದು ರೋಗ, ಅದಕ್ಕೆ ತಕ್ಕ ಬೆಳಕು, ಅದಕ್ಕೆ ತಕ್ಕ ಅಳತೆ.

ಫಾರ್ವರ್ಡ್ ಮಾಡುವ ಮುನ್ನ

ಬಿಸಿಲಿನ ಸಂದೇಶ ಏಕೆ ಅಪಾಯ ಎಂಬುದಕ್ಕೆ ಒಂದೇ ಪದ ಸಾಕು: ಲೂಪಸ್. ಫಿನ್ಸೆನ್ ಗುಣಪಡಿಸಿದ್ದು ಲೂಪಸ್ ವಲ್ಗಾರಿಸ್, ಅಂದರೆ ಚರ್ಮದ ಕ್ಷಯ. ಇಂದು ವೈದ್ಯರು ಬರೀ ಲೂಪಸ್ ಎಂದರೆ ಸಾಮಾನ್ಯವಾಗಿ ಬೇರೆಯದೇ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳುವ ರೋಗ ಅದು. ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುತ್ತದೆ, ಕೆಲವರಿಗೆ ಕೆನ್ನೆಗಳ ಮೇಲೆ ಚಿಟ್ಟೆಯಾಕಾರದ ಕೆಂಪು ಮೂಡುತ್ತದೆ. ಆ ಲೂಪಸ್ ಇರುವವರಿಗೆ ಬಿಸಿಲು ಮದ್ದಲ್ಲ, ರೋಗವನ್ನು ಕೆರಳಿಸುವ ಕಿಡಿ. ಲೂಪಸ್‌ಗೆ ಬಿಸಿಲು ಎಂಬ ಫಾರ್ವರ್ಡನ್ನು ನಂಬಿ ಅವರು ಮಾಳಿಗೆ ಮೇಲೆ ಕುಳಿತರೆ ಮೂತ್ರಪಿಂಡದವರೆಗೂ ತೊಂದರೆ ಹೋಗಬಹುದು.

ಸೋರಿಯಾಸಿಸ್ ಇರುವವರಲ್ಲೂ ಕೆಲವರಿಗೆ ಬಿಸಿಲಿನಿಂದ ರೋಗ ಹೆಚ್ಚುತ್ತದೆ. ಚರ್ಮ ಸುಟ್ಟ ಜಾಗದಲ್ಲೇ ಹೊಸ ಮಚ್ಚೆಗಳು ಏಳುವುದೂ ಉಂಟು. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ನಿಲ್ಲಿ ಎಂಬ ಸಲಹೆಯೂ ಓಡಾಡುತ್ತದೆ. ಬಾವಂಚಿಯಲ್ಲಿ ಬೆಳಕಿಗೆ ಚರ್ಮವನ್ನು ಸೂಕ್ಷ್ಮವಾಗಿಸುವ ಸೊರಾಲೆನ್ ಎಂಬ ವಸ್ತು ನಿಜಕ್ಕೂ ಇದೆ, ಆಧುನಿಕ ವೈದ್ಯರೂ ಅದನ್ನು ಬಳಸಿದ್ದಾರೆ. ಅದೇ ಕಾರಣಕ್ಕೆ, ಅಳತೆ ತಪ್ಪಿದರೆ ಸುಟ್ಟ ಬೊಬ್ಬೆಗಳು ಖಚಿತ.

ಬೆಳಿಗ್ಗೆ ಅಂಗಳದಲ್ಲಿ ಹತ್ತು ನಿಮಿಷ ಎಳೆಬಿಸಿಲು ಕಾಯಿಸುವುದನ್ನು ಎಲ್ಲರೂ ಬಿಡಿ ಎಂದು ನಾವು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಯಾವ ಕಾಯಿಲೆ ಎಂದು ಮೊದಲು ಚರ್ಮರೋಗ ತಜ್ಞರಿಂದ ತಿಳಿದುಕೊಳ್ಳಿ. ನಡೆಯುತ್ತಿರುವ ಔಷಧವನ್ನು ಬಿಸಿಲಿನ ಭರವಸೆಯಲ್ಲಿ ನಿಲ್ಲಿಸಬೇಡಿ. ಬೆಳಕಿನ ಚಿಕಿತ್ಸೆ ನಿಮಗೆ ಹೊಂದುತ್ತದೆಯೇ ಎಂದು ಅವರನ್ನೇ ಕೇಳಿ.

ಫಿನ್ಸೆನ್ ಬೆಳಕನ್ನು ನಂಬಿದ್ದರು, ಆದರೆ ಅಳೆಯದೆ ಯಾರ ಮೇಲೂ ಬಿಡಲಿಲ್ಲ. ತಮ್ಮ ಕಾಯಿಲೆಗೆ ಅದು ಒದಗದಿದ್ದಾಗ ಅದನ್ನೂ ಒಪ್ಪಿಕೊಂಡರು. ಅವರ ಹೆಸರು ಹೇಳಿಕೊಂಡು ಬರುವ ಸಂದೇಶವನ್ನು ಮುಂದೆ ಕಳುಹಿಸುವ ಮುನ್ನ ನಾವೂ ಒಮ್ಮೆ ಅಳೆದು ನೋಡೋಣ.